ಅಮೆರಿಕದ ಕಾಲೇಜಿಗೆ ಕನ್ಸಲ್ಟೆಂಟ್: ದುಡ್ಡು ಕಟ್ಟುವ ಮೊದಲು ಹಿನ್ನೆಲೆ ನೋಡುವ ಬಗೆ

ಅಮೆರಿಕದಲ್ಲಿ ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿಯಲು ರಾಜ್ಯ ಸರ್ಕಾರದ ಲೈಸೆನ್ಸ್ ಬೇಕು. ನಿಮ್ಮ ಮಗ ಯಾವ ಯೂನಿವರ್ಸಿಟಿಗೆ ಅರ್ಜಿ ಹಾಕಬೇಕು ಎಂದು ಹೇಳಿ ಸಾವಿರಾರು ಡಾಲರ್ ಫೀಸು ತೆಗೆದುಕೊಳ್ಳಲು ಯಾವ ಲೈಸೆನ್ಸೂ ಬೇಡ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯೊಳಗಿನ ಕೌನ್ಸೆಲರ್‌ಗೆ ಪಿಪಿಎಸ್ ಎಂಬ ಅರ್ಹತಾಪತ್ರ ಕಡ್ಡಾಯ. ಅದೇ ಶಾಲೆಯ ಎದುರಿಗೆ ಬೋರ್ಡು ಹಾಕಿಕೊಂಡು ಕೂತ ಖಾಸಗಿ ಕನ್ಸಲ್ಟೆಂಟ್‌ಗೆ ಅದು ಬೇಕಿಲ್ಲ. ಬೆಂಗಳೂರಿನಲ್ಲೂ ಹಾಗೇ. ಆದ್ದರಿಂದ ಹಿನ್ನೆಲೆ ವಿಚಾರಿಸುವ ಕೆಲಸ ಅಪ್ಪ ಅಮ್ಮನ ತಲೆಗೇ ಬರುತ್ತದೆ. ಎರಡು ಸಂಜೆ ಕೂತರೆ ಮುಗಿಯುವ ಕೆಲಸ ಅದು.

ಮೊದಲಿಗೆ ಪದದ ಗೊಂದಲ ಬಿಡಿಸಿಕೊಳ್ಳೋಣ. ಕರ್ನಾಟಕದಲ್ಲಿ 'ಕೌನ್ಸೆಲಿಂಗ್' ಎಂದರೆ ಕೆಇಎ ಸೀಟು ಹಂಚಿಕೆ, ಆಪ್ಷನ್ ಎಂಟ್ರಿ, ಕಟ್‌ಆಫ್ ರ‍್ಯಾಂಕ್. ಅಲ್ಲಿ ರ‍್ಯಾಂಕ್ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಅಮೆರಿಕದ ಪದವಿ ಪ್ರವೇಶದಲ್ಲಿ ಬಹುಪಾಲು ಕಡೆ ಇಂಥ ಕಟ್‌ಆಫ್ ಇಲ್ಲ. ನಾಲ್ಕು ವರ್ಷದ ಅಂಕ, ಪ್ರಬಂಧ, ಶಿಫಾರಸು ಪತ್ರ, ಚಟುವಟಿಕೆ ಎಲ್ಲವನ್ನೂ ಒಟ್ಟಿಗೆ ಓದಿ ನಿರ್ಧರಿಸುತ್ತಾರೆ. ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಪಳಗಿದವರು 'ಅಬ್ರಾಡ್ ಕೂಡ ನೋಡ್ಕೋತೀವಿ' ಎಂದರೆ, ಅದು ಬೇರೆಯೇ ಕಸುಬು ಎಂಬುದು ನೆನಪಿರಲಿ.

ದುಡ್ಡು ಯಾರ ಕಡೆಯಿಂದ ಬರುತ್ತದೆ

ಪದವಿ, ಅನುಭವ, ಹೆಸರಿನ ಮುಂದಿನ ಅಕ್ಷರ, ಇವೆಲ್ಲಕ್ಕೂ ಮೊದಲು ಕೇಳಬೇಕಾದದ್ದು ಇದು. ಒಂದೇ ತರಹದ ಬೋರ್ಡಿನ ಹಿಂದೆ ಎರಡು ಬೇರೆ ಜಾತಿಯ ವ್ಯವಹಾರ ಇರುತ್ತದೆ. ಸ್ವತಂತ್ರ ಕನ್ಸಲ್ಟೆಂಟ್‌ಗೆ ಫೀಸು ಕೊಡುವುದು ಕುಟುಂಬ ಮಾತ್ರ. ಏಜೆಂಟ್‌ಗೆ ಯೂನಿವರ್ಸಿಟಿ ಕಮಿಷನ್ ಕೊಡುತ್ತದೆ, ವಿದ್ಯಾರ್ಥಿ ಸೇರಿ ಮೊದಲ ಕಂತು ಕಟ್ಟಿದ ಮೇಲೆ.

ಕಮಿಷನ್ ಕಾನೂನುಬಾಹಿರವೇನಲ್ಲ. ಅಮೆರಿಕದ ಒಳಗಿನ ವಿದ್ಯಾರ್ಥಿಗಳನ್ನು ಕರೆತರಲು ತಲೆಗಿಷ್ಟು ಎಂದು ಕೊಡುವುದನ್ನು 1992ರ ಉನ್ನತ ಶಿಕ್ಷಣ ಕಾಯ್ದೆಯ ತಿದ್ದುಪಡಿ ನಿಷೇಧಿಸಿತು. ಆದರೆ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಹಣಕಾಸು ನೆರವಿಗೆ ಅರ್ಹರಲ್ಲದ, ವಿದೇಶದಲ್ಲೇ ಇರುವ ವಿದ್ಯಾರ್ಥಿಗಳನ್ನು ಅದರಿಂದ ಹೊರಗಿಟ್ಟಿತು. ಹೀಗಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಕನ್ನಡದ ಹುಡುಗಿಯ ಹೆಸರಲ್ಲಿ ಸಿಗದ ಕಮಿಷನ್, ಜಯನಗರದಲ್ಲಿರುವ ಅವಳ ಚಿಕ್ಕಪ್ಪನ ಮಗನ ಹೆಸರಲ್ಲಿ ಸಿಗುತ್ತದೆ. ಕಾಲೇಜು ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘವಾದ ಎನ್‌ಎಸಿಎಸಿ ಕೂಡ 2013ರಲ್ಲಿ ತನ್ನ ಸದಸ್ಯ ಕಾಲೇಜುಗಳಿಗೆ ವಿದೇಶಿ ಏಜೆಂಟ್‌ಗಳನ್ನು ಬಳಸಲು ದಾರಿ ಬಿಟ್ಟಿತು.

ತೊಂದರೆ ಇರುವುದು ಕಾಲೇಜುಗಳ ಪಟ್ಟಿಯಲ್ಲಿ. ಕಮಿಷನ್ ಕೊಡದ ಕಾಲೇಜು ಏಜೆಂಟ್‌ನ ಪಟ್ಟಿಗೆ ಬರುವುದು ಕಷ್ಟ, ಮತ್ತು ತುಂಬ ಪೈಪೋಟಿ ಇರುವ ಹೆಸರಾಂತ ಕಾಲೇಜುಗಳು ಸಾಮಾನ್ಯವಾಗಿ ಕಮಿಷನ್ ಕೊಡುವ ಗೋಜಿಗೇ ಹೋಗುವುದಿಲ್ಲ. ನೀವು ಹೇಗಿದ್ದರೂ ಸೇರಿಸಬೇಕೆಂದುಕೊಂಡ ಕಾಲೇಜು ಏಜೆಂಟ್ ಪಟ್ಟಿಯಲ್ಲೇ ಇದ್ದರೆ ಅವರ ಕೈಯಲ್ಲಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ತಪ್ಪಾಗುವುದು, ನಿಮ್ಮಿಂದಲೂ ಲಕ್ಷಗಟ್ಟಲೆ ಫೀಸು, ಆ ಕಡೆಯಿಂದಲೂ ಕಮಿಷನ್ ತೆಗೆದುಕೊಂಡು ಅದನ್ನು ಮುಚ್ಚಿಟ್ಟಾಗ.

ಸುತ್ತು ಬಳಸದೆ ಕೇಳಿ:

'ಮೇಡಂ, ಯಾವುದಾದರೂ ಯೂನಿವರ್ಸಿಟಿಯಿಂದ ನಿಮಗೆ ದುಡ್ಡು ಬರುತ್ತಾ?'

'ಅಯ್ಯೋ ಇಲ್ಲ ಸರ್, ಕೆಲವರ ಜೊತೆ ಪಾರ್ಟ್‌ನರ್‌ಶಿಪ್ ಇದೆ ಅಷ್ಟೆ.'

'ಆ ಪಾರ್ಟ್‌ನರ್‌ಶಿಪ್‌ನಲ್ಲಿ ಮಗು ಸೇರಿದರೆ ನಿಮಗೆ ಏನು ಸಿಗುತ್ತೆ? ಅದನ್ನ ಒಂದು ಮೇಲ್‌ನಲ್ಲಿ ಬರೆದು ಕಳಿಸ್ತೀರಾ?'

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. 'ಪಾರ್ಟ್‌ನರ್', 'ಟೈ‌ಅಪ್', 'ರೆಪ್ರೆಸೆಂಟೇಟಿವ್' ಎಂಬ ಮಾತುಗಳ ಹಿಂದೆ ಬಹುಪಾಲು ಕಮಿಷನ್ ಇರುತ್ತದೆ. ಹಲವು ಯೂನಿವರ್ಸಿಟಿಗಳು ತಮ್ಮ ವೆಬ್‌ಸೈಟಿನ ಅಂತರರಾಷ್ಟ್ರೀಯ ಪುಟದಲ್ಲಿ ದೇಶವಾರು ಏಜೆಂಟ್ ಪಟ್ಟಿ ಹಾಕಿರುತ್ತವೆ. ಕನ್ಸಲ್ಟೆಂಟ್ ಕೊಟ್ಟ ಹತ್ತು ಕಾಲೇಜುಗಳಲ್ಲಿ ಆರೇಳರ ಪಟ್ಟಿಯಲ್ಲಿ ಅವರ ಸಂಸ್ಥೆಯ ಹೆಸರೇ ಇದ್ದರೆ ಮುಂದೆ ಕೇಳುವುದಕ್ಕೇನೂ ಉಳಿದಿಲ್ಲ.

ಯಾವ ಕುರ್ಚಿಯಲ್ಲಿ ಕೂತಿದ್ದರು

ಈ ಕಸುಬಿಗೆ ಜನ ನಾಲ್ಕೈದು ದಾರಿಯಿಂದ ಬರುತ್ತಾರೆ. ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿನಲ್ಲಿದ್ದವರು, ಹೈಸ್ಕೂಲಿನಲ್ಲಿ ಕಾಲೇಜ್ ಕೌನ್ಸೆಲರ್ ಆಗಿದ್ದವರು, ಪಾಠ ಹೇಳುತ್ತಿದ್ದವರು, ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಕೋಚಿಂಗ್ ನಡೆಸಿದವರು. ತಮ್ಮ ಮಗಳಿಗೆ ಒಳ್ಳೆಯ ಕಾಲೇಜು ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ಆಫೀಸು ತೆರೆದ ತಾಯ್ತಂದೆಯರೂ ಇದ್ದಾರೆ. ನಮ್ಮ ಅಂದಾಜಿನಲ್ಲಿ ಸಾಮಾನ್ಯ ಕುಟುಂಬಕ್ಕೆ ಹೆಚ್ಚು ಉಪಯೋಗವಾಗುವವರು ಹೈಸ್ಕೂಲಿನಲ್ಲಿ ಐದಾರು ವರ್ಷ ಕಾಲೇಜ್ ಕೌನ್ಸೆಲಿಂಗ್ ಮಾಡಿದವರು. ಅವರು ನೂರಾರು ಮಕ್ಕಳನ್ನು ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ನೋಡಿರುತ್ತಾರೆ. ತೊಂಬತ್ತೈದು ಅಂಕದ ಮಗುವೂ ತಿರಸ್ಕೃತವಾಗಿ ಮನೆಗೆ ಬಂದದ್ದನ್ನು ಕಂಡಿರುತ್ತಾರೆ.

ಜಾಹೀರಾತಿನಲ್ಲಿ ಹೆಚ್ಚು ಮಾರಾಟವಾಗುವುದು ಮಾತ್ರ 'ಫಾರ್ಮರ್ ಅಡ್ಮಿಷನ್ ಆಫೀಸರ್' ಎಂಬ ಬಿರುದು. ಇದನ್ನು ಬಿಡಿಸಿ ನೋಡಬೇಕು. ಅಡ್ಮಿಷನ್ ಆಫೀಸಿನಲ್ಲಿ ಪೂರ್ಣಾವಧಿ ಅಧಿಕಾರಿಗೆ ಒಂದು ಪ್ರದೇಶ ವಹಿಸಿರುತ್ತಾರೆ. ಆ ಪ್ರದೇಶದ ಶಾಲೆಗಳಿಗೆ ಓಡಾಡಿ, ಅಲ್ಲಿಂದ ಬಂದ ಅರ್ಜಿಗಳನ್ನು ಮೊದಲು ಓದಿ, ಸಮಿತಿಯ ಮುಂದೆ ವಾದಿಸುವುದು ಅವರ ಕೆಲಸ. ಇನ್ನೊಂದು ವರ್ಗ ಸೀಸನಲ್ ರೀಡರ್‌ಗಳದು: ಅರ್ಜಿ ರಾಶಿ ಬೀಳುವ ಕೆಲವು ತಿಂಗಳು ಮನೆಯಲ್ಲೇ ಕೂತು ಓದಿ ಟಿಪ್ಪಣಿ ಬರೆಯುವವರು; ಇವರು ಸಮಿತಿಯಲ್ಲಿ ಕೂರುವುದು ಕಡಿಮೆ. ಮೂರನೆಯವರು ಕ್ಯಾಂಪಸ್ ಟೂರ್ ಮಾಡಿಸಿದ ವಿದ್ಯಾರ್ಥಿಗಳು, ಸಂದರ್ಶನ ಮಾಡುವ ಹಳೆಯ ವಿದ್ಯಾರ್ಥಿಗಳು. ಇವರು ಅಧಿಕಾರಿಗಳೇ ಅಲ್ಲ. ಮೂರೂ ವರ್ಗದವರು ವೆಬ್‌ಸೈಟಿನಲ್ಲಿ ಒಂದೇ ಬಗೆಯ ಸಾಲು ಬರೆದುಕೊಳ್ಳಬಹುದು. ಹಾಗಾಗಿ ಕೇಳಬೇಕಾದದ್ದು: ಯಾವ ವರ್ಷದಿಂದ ಯಾವ ವರ್ಷದವರೆಗೆ, ಪೂರ್ಣಾವಧಿಯೋ ಅಲ್ಲವೋ, ಯಾವ ಪ್ರದೇಶ, ಸಮಿತಿಯಲ್ಲಿ ಮತ ಇತ್ತೋ, ಭಾರತದ ಬೋರ್ಡುಗಳ ಅರ್ಜಿ ಓದಿದ್ದಾರೋ. ಓಹಾಯೋ ಪ್ರದೇಶ ನೋಡಿಕೊಂಡವರಿಗೆ ಪಿಯು ಮಾರ್ಕ್ಸ್ ಕಾರ್ಡಿನ ತಲೆಬುಡ ಗೊತ್ತಿರಬೇಕೆಂದೇನಿಲ್ಲ.

ಬಿಟ್ಟು ಎಷ್ಟು ವರ್ಷವಾಯಿತು ಎಂಬುದೂ ಮುಖ್ಯ. ಎಂಐಟಿ 2022ರಲ್ಲಿ ಎಸ್‌ಎಟಿಯಂಥ ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು, ಆಮೇಲೆ ಯೇಲ್, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಹಿಂಬಾಲಿಸಿದವು. ಅತ್ತ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಕ್ಯಾಂಪಸ್‌ಗಳು ಅಂಕ ಕೊಟ್ಟರೂ ಪ್ರವೇಶಕ್ಕೆ ನೋಡುವುದಿಲ್ಲ. ಹತ್ತು ವರ್ಷದ ಹಿಂದಿನ ಒಳಗುಟ್ಟು ಇವತ್ತು ಹಳಸಲು.

ಹೆಸರಿನ ಮುಂದಿನ ಅಕ್ಷರಗಳು

ಗಟ್ಟಿ ಎನ್ನಬಹುದಾದ ಗುರುತುಗಳು ಕೆಲವೇ. 1976ರಲ್ಲಿ ಶುರುವಾದ ಐಇಸಿಎ ಸ್ವತಂತ್ರ ಸಲಹೆಗಾರರ ಸಂಘ. ಅದರ ಪ್ರೊಫೆಷನಲ್ ಸದಸ್ಯತ್ವಕ್ಕೆ ಸ್ನಾತಕೋತ್ತರ ಪದವಿ ಅಥವಾ ಸರಿಸಮನಾದ ತರಬೇತಿ, ಹಲವು ವರ್ಷದ ಅನುಭವ, ಡಜನ್‌ಗಟ್ಟಲೆ ಕ್ಯಾಂಪಸ್ ಭೇಟಿ, ವೃತ್ತಿಯವರ ಶಿಫಾರಸು ಕೇಳುತ್ತಾರೆ. ಅಸೋಸಿಯೇಟ್ ದರ್ಜೆ ಹೊಸಬರಿಗೆ. ಎರಡಕ್ಕೂ ವ್ಯತ್ಯಾಸವಿದೆ, ಯಾವುದು ಎಂದು ಕೇಳಿ. ಎಚ್‌ಇಸಿಎ ಇನ್ನೊಂದು ಸಂಘ. ಈ ಎರಡೂ ಸಂಘಗಳ ನೀತಿಸಂಹಿತೆಯಲ್ಲಿ, ಮಗುವನ್ನು ಸೇರಿಸಿದ್ದಕ್ಕೆ ಕಾಲೇಜಿನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಲೋಗೋ ಇಟ್ಟುಕೊಂಡು ಕಮಿಷನ್ನೂ ತಿನ್ನುವವರು ಸಿಕ್ಕರೆ ಸಂಘಕ್ಕೇ ದೂರು ಕೊಡಬಹುದು. ಸಿಇಪಿ ಎಂಬ ವೃತ್ತಿ ಪ್ರಮಾಣಪತ್ರ ಇವೆಲ್ಲಕ್ಕಿಂತ ಬಿಗಿ: ಲಿಖಿತ ಪರೀಕ್ಷೆ ಇರುತ್ತದೆ, ಒಮ್ಮೆ ಸಿಕ್ಕರೆ ಆಯಿತು ಎನ್ನುವಂತಿಲ್ಲ, ಅವಧಿ ಮುಗಿದಾಗ ನವೀಕರಿಸಬೇಕು.

ಎನ್‌ಎಸಿಎಸಿ ಸದಸ್ಯತ್ವ ಒಳ್ಳೆಯದೇ, ಆದರೆ ಅದೊಂದೇ ಸಾಮರ್ಥ್ಯದ ಪುರಾವೆಯಾಗದು. ಯುಸಿಎಲ್‌ಎ ಎಕ್ಸ್‌ಟೆನ್ಷನ್ (ಆ ಯೂನಿವರ್ಸಿಟಿಯ ಹೊರಗಿನವರಿಗೆ ಕಲಿಸುವ ವಿಭಾಗ), ಯುಸಿ ಅರ್ವೈನ್ ಮುಂತಾದ ಕಡೆ ಆನ್‌ಲೈನಿನಲ್ಲಿ ಸರ್ಟಿಫಿಕೇಟ್ ಕೋರ್ಸುಗಳಿವೆ. ಹಣಕಾಸು ನೆರವು, ಹದಿಹರೆಯದ ಮಕ್ಕಳ ಬೆಳವಣಿಗೆ, ಅರ್ಜಿ ಪ್ರಕ್ರಿಯೆ ಎಲ್ಲ ಕಲಿಸುತ್ತಾರೆ. ಶ್ರದ್ಧೆಯಿಂದ ಓದಿದ್ದಾರೆ ಎಂದಷ್ಟೇ ಅದರಿಂದ ತಿಳಿಯುತ್ತದೆ. 'ಯುಸಿಎಲ್‌ಎಯಲ್ಲಿ ಓದಿದವರು' ಎಂದು ಅದನ್ನು ತಿರುಚಿ ಹೇಳಿದರೆ ಎಚ್ಚರವಾಗಿ.

ಎರಡು ಸಂಜೆಯ ಕೆಲಸ

ಮೊದಲ ಸಂಜೆ ಕಂಪ್ಯೂಟರ್ ಮುಂದೆ. ಐಇಸಿಎ, ಎಚ್‌ಇಸಿಎ ವೆಬ್‌ಸೈಟುಗಳಲ್ಲಿ ಸದಸ್ಯರ ಹುಡುಕಾಟ ಪುಟ ಇದೆ; ಹೆಸರು ಹಾಕಿ ನೋಡಿ. ಲೋಗೋ ಇದ್ದು ಹೆಸರಿಲ್ಲದಿದ್ದರೆ ಸದಸ್ಯತ್ವ ಮುಗಿದಿರಬಹುದು, ಇಲ್ಲವೇ ಎಂದೂ ಇರಲಿಲ್ಲ.

ಅಡ್ಮಿಷನ್ ಆಫೀಸಿನಲ್ಲಿದ್ದೆ ಎನ್ನುವ ಮಾತನ್ನು ಪರೀಕ್ಷಿಸಲು ವೇಬ್ಯಾಕ್ ಮಷೀನ್ ಎಂಬ ಪುಕ್ಕಟೆ ಸಾಧನ ಉಂಟು, ಹಳೆಯ ವೆಬ್ ಪುಟಗಳನ್ನು ತಾರೀಖಿನ ಸಮೇತ ಇಟ್ಟಿರುವ ಭಂಡಾರ. ಯೂನಿವರ್ಸಿಟಿಯ 'ಮೀಟ್ ಯುವರ್ ಅಡ್ಮಿಷನ್ ಆಫೀಸರ್' ಅಥವಾ 'ಅವರ್ ಸ್ಟಾಫ್' ಪುಟದ ವಿಳಾಸವನ್ನು ಅಲ್ಲಿ ಅಂಟಿಸಿ, ಅವರು ಹೇಳಿದ ವರ್ಷ ಒತ್ತಿ. ಹೆಸರು, ಹುದ್ದೆ, ಪ್ರದೇಶ ಎಲ್ಲ ಸಿಕ್ಕರೂ ಸಿಗಬಹುದು. ಸಿಗದಿದ್ದ ಮಾತ್ರಕ್ಕೆ ಸುಳ್ಳು ಎನ್ನಬೇಡಿ. ಸೀಸನಲ್ ರೀಡರ್‌ಗಳ ಹೆಸರನ್ನು ಹಾಕುವುದಿಲ್ಲ, ಎಲ್ಲ ಪುಟಗಳೂ ಉಳಿದಿರುವುದಿಲ್ಲ. ಆದರೆ ಪೂರ್ಣಾವಧಿ ಐದು ವರ್ಷ ಎಂದವರ ಹೆಸರು ಯಾವ ವರ್ಷದ ಪುಟದಲ್ಲೂ ಇಲ್ಲದಿದ್ದರೆ ಕೇಳಲೇಬೇಕು. ಅಮೆರಿಕದ ಪದವಿಯನ್ನು ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್‌ನಲ್ಲಿ ಸ್ವಲ್ಪ ಫೀಸು ಕಟ್ಟಿ ಖಾತ್ರಿ ಮಾಡಿಕೊಳ್ಳಬಹುದು.

ಬೆಂಗಳೂರಿನ ಸಂಸ್ಥೆಯಾದರೆ ಇನ್‌ವಾಯ್ಸ್ ನಮೂನೆ ಕೇಳಿ, ಅದರ ಮೇಲಿನ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ನೋಡಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ನೋಂದಾಯಿತ ಹೆಸರು, ನೋಂದಣಿ ತಾರೀಖು ಕಾಣುತ್ತದೆ. ಜಿಎಸ್‌ಟಿಯೇ ಬಂದದ್ದು 2017ರ ಜುಲೈನಲ್ಲಿ, ಸಣ್ಣ ವಹಿವಾಟಿಗೆ ನೋಂದಣಿ ಬೇಕಿಲ್ಲ. ಆದ್ದರಿಂದ ತಾರೀಖು ಒಂದರಿಂದಲೇ ತೀರ್ಮಾನಿಸಬೇಡಿ. ಪ್ರೈವೇಟ್ ಲಿಮಿಟೆಡ್ ಆದರೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಸ್ಥಾಪನೆಯ ದಿನ ಸಿಗುತ್ತದೆ. 'ಇಪ್ಪತ್ತು ವರ್ಷದ ಅನುಭವ' ಎಂದ ಸಂಸ್ಥೆ ಮೊನ್ನೆ ಹುಟ್ಟಿದ್ದಾದರೆ, ಆ ಇಪ್ಪತ್ತು ವರ್ಷ ಯಾರದ್ದು, ಎಲ್ಲಿಯದು ಎಂದು ಕೇಳುವ ಹಕ್ಕು ನಿಮಗಿದೆ.

ಎರಡನೇ ಸಂಜೆ ಫೋನು. ಹಿಂದಿನ ಇಬ್ಬರು ಪೋಷಕರ ಜೊತೆ ಮಾತಾಡಿಸಿ ಎಂದು ಕೇಳಿ. ಒಬ್ಬರು ಬಯಸಿದ ಕಾಲೇಜು ಸಿಕ್ಕವರು, ಇನ್ನೊಬ್ಬರು ಸಿಗದವರು. ಎರಡನೆಯವರ ಮಾತಿನಲ್ಲೇ ತೂಕ. ಅರ್ಜಿಯ ಗಡುವು ಹತ್ತಿರವಾಗುವ ಡಿಸೆಂಬರ್ ಕೊನೆಯ ವಾರ ಫೋನ್ ಎತ್ತಿದರಾ, ನಿರಾಕರಣೆ ಬಂದ ದಿನ ಮಗುವಿನ ಜೊತೆ ಮಾತಾಡಿದರಾ, ಇಷ್ಟು ತಿಳಿದರೆ ಸಾಕು.

ಗೋಡೆ ತುಂಬ ಇರುವ ಕಾಲೇಜು ಲೋಗೋಗಳನ್ನು ನೋಡಿ ಬೆರಗಾಗಬೇಡಿ. ಒಂದೇ ಮಗು ಎಂಟು ಕಡೆ ಆಯ್ಕೆಯಾದರೆ ಎಂಟು ಲೋಗೋ. ಒಂದು ಗಂಟೆ ಪ್ರಬಂಧ ತಿದ್ದಿಸಿಕೊಂಡು ಹೋದ ಮಗುವೂ 'ನಮ್ಮ ವಿದ್ಯಾರ್ಥಿ'. ಕಳೆದ ವರ್ಷ ಒಟ್ಟು ಎಷ್ಟು ಮಕ್ಕಳು, ಅವರಲ್ಲಿ ಎಷ್ಟು ಜನ ಪೂರ್ತಿ ನಿಮ್ಮ ಜೊತೆ ಇದ್ದರು, ಎಲ್ಲಿ ಸೇರಿದರು: ಛೇದ ಕೇಳದೆ ಅಂಶಕ್ಕೆ ಬೆಲೆ ಕಟ್ಟಬೇಡಿ.

ತಿಳಿವಳಿಕೆ ಅಳೆಯಲು ಮೂರು ಪ್ರಶ್ನೆ

ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಕೇಳುವುದು ಮೋಸವಲ್ಲ. 'ಬರ್ಕ್ಲಿಗೆ ಎಸ್‌ಎಟಿ ಎಷ್ಟು ಬೇಕು?' ಎಂದು ಕೇಳಿ. 1500ರ ಮೇಲೆ ಎಂದರೆ ಅಲ್ಲಿಗೇ ನಿಲ್ಲಿಸಬಹುದು. ಬರ್ಕ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯದೇ ಕ್ಯಾಂಪಸ್, ಅಲ್ಲಿ ಎಸ್‌ಎಟಿ ಅಂಕ ನೋಡುವುದೇ ಇಲ್ಲ, ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದ ಮೀರದಂತೆ ಉತ್ತರ ಬರೆಯಬೇಕು. 'ಎಂಐಟಿಗೂ ಕಾಮನ್ ಆ್ಯಪ್‌ನಲ್ಲೇ ಹಾಕ್ತೀವಲ್ವಾ?' ಎಂದರೆ ಇಲ್ಲ, ಅದಕ್ಕೆ ಸ್ವಂತ ಪೋರ್ಟಲ್ ಎನ್ನಬೇಕು (ಕಾಮನ್ ಆ್ಯಪ್ ಎಂದರೆ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟು). ಮೂರನೆಯದು ದುಡ್ಡಿನದು: 'ನಾವು ಭಾರತೀಯ ಪಾಸ್‌ಪೋರ್ಟಿನವರು, ಪೂರ್ತಿ ಫೀಸು ಕಟ್ಟಲಾಗದು ಎಂದರೆ ಪ್ರವೇಶಕ್ಕೆ ತೊಂದರೆಯಾಗುತ್ತಾ?' ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್‌ನಂಥ ಕೆಲವೇ ಕಡೆ ವಿದೇಶಿ ಮಕ್ಕಳ ವಿಷಯದಲ್ಲೂ ಹಣದ ಅಗತ್ಯ ನೋಡದೆ ಆಯ್ಕೆ ಮಾಡುತ್ತಾರೆ. ಸ್ಟ್ಯಾನ್‌ಫರ್ಡ್ ಸೇರಿ ಬಹುಪಾಲು ಕಡೆ ನೋಡುತ್ತಾರೆ. ಇದಕ್ಕೆ 'ಎಫ್‌ಎಎಫ್‌ಎಸ್‌ಎ ಫಾರ್ಮ್ ತುಂಬಿದರೆ ಆಯ್ತು' ಎಂದವರಿಗೆ ವಿಷಯವೇ ಗೊತ್ತಿಲ್ಲ. ಅದು ಅಮೆರಿಕ ಸರ್ಕಾರದ ಹಣಕಾಸು ನೆರವಿನ ಅರ್ಜಿ; ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಕೆಲವು ಅರ್ಹ ವರ್ಗದವರಿಗೆ. ಎಚ್-1ಬಿ ಮೇಲೆ ಹೋದ ತಂದೆತಾಯಿಯ, ಎಚ್-4 ವೀಸಾದ ಮಕ್ಕಳಿಗೂ ಆ ನೆರವು ಇಲ್ಲ. ಬೇ ಏರಿಯಾದ ಎಷ್ಟೋ ಕನ್ನಡ ಮನೆಗಳಲ್ಲಿ ಇದು ಕೊನೆಯ ಗಳಿಗೆಯಲ್ಲಿ ತಿಳಿಯುತ್ತದೆ.

ಪಿಯು ಮಗುವಾದರೆ ಇನ್ನೊಂದು ಪರೀಕ್ಷೆ

ಅಮೆರಿಕದ ಕಾಲೇಜು ಕೇಳುವುದು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷದ ದಾಖಲೆ. ನಮ್ಮಲ್ಲಿ ಒಂಬತ್ತು, ಹತ್ತು ಹೈಸ್ಕೂಲಿನಲ್ಲಿ. ಪಿಯು ಬೇರೆ ಕಾಲೇಜಿನಲ್ಲಿ. ಒಂಬತ್ತನೇ ತರಗತಿಯ ಅಂಕಪಟ್ಟಿ ಎಷ್ಟೋ ಮನೆಗಳಲ್ಲಿ ಇರುವುದೇ ಇಲ್ಲ, ಹಳೆಯ ಶಾಲೆಗೆ ಹೋಗಿ ದೃಢೀಕರಿಸಿ ತರಬೇಕು. ಸ್ಕೂಲ್ ರಿಪೋರ್ಟ್, ಕೌನ್ಸೆಲರ್ ಪತ್ರ, ಮಿಡ್-ಇಯರ್ ರಿಪೋರ್ಟ್ ಯಾರು ಕಳಿಸಬೇಕು? ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಹುದ್ದೆ ಅಪರೂಪ, ಪ್ರಿನ್ಸಿಪಾಲರೇ ಆ ಪಾತ್ರ ವಹಿಸಬೇಕು. ಜನವರಿ ಒಂದರ ಆಸುಪಾಸಿಗೆ ಅರ್ಜಿ ಮುಗಿಯುವಾಗ ದ್ವಿತೀಯ ಪಿಯು ಬೋರ್ಡ್ ಪರೀಕ್ಷೆಯೇ ನಡೆದಿರುವುದಿಲ್ಲ, ಹಾಗಾಗಿ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ನಿರೀಕ್ಷಿತ ಅಂಕಗಳ ಪತ್ರ ಬೇಕಾಗುತ್ತದೆ.

ಈ ಸಮಸ್ಯೆಯನ್ನು ಕನ್ಸಲ್ಟೆಂಟ್ ಮುಂದಿಟ್ಟು ಸುಮ್ಮನೆ ಕೇಳಿಸಿಕೊಳ್ಳಿ. ಬಲ್ಲವರು 'ಜೂನ್‌ನಲ್ಲೇ ಪ್ರಿನ್ಸಿಪಾಲರನ್ನು ಕಂಡು ಬನ್ನಿ, ಕಾಮನ್ ಆ್ಯಪ್‌ನಿಂದ ಅವರಿಗೆ ಮೇಲ್ ಬರುತ್ತದೆ ಎಂದು ತಿಳಿಸಿ, ಕಾಲೇಜಿನ ಅಧಿಕೃತ ಮೇಲ್ ಐಡಿ ಕೇಳಿ' ಎನ್ನುತ್ತಾರೆ. ಶೇಕಡಾವಾರು ಅಂಕವನ್ನು 4.0 ಜಿಪಿಎಗೆ ಪರಿವರ್ತಿಸಬೇಡಿ, ಬೋರ್ಡ್ ಕೊಟ್ಟ ಅಂಕವನ್ನೇ ಹಾಗೇ ಹಾಕಿ ಎಂದೂ ಹೇಳುತ್ತಾರೆ. ಕಳ್ಳದಾರಿಯವರು ನಗುತ್ತಾ 'ಅದೆಲ್ಲಾ ತಲೆ ಕೆಡಿಸ್ಕೋಬೇಡಿ, ಪ್ರಿನ್ಸಿಪಾಲ್ ಹೆಸರಲ್ಲಿ ಒಂದು ಜಿಮೇಲ್ ಮಾಡಿ ನಾವೇ ಬರೆದು ಹಾಕ್ತೀವಿ' ಎನ್ನುತ್ತಾರೆ. ಎದ್ದು ಬನ್ನಿ. ಅದು ಫೋರ್ಜರಿ. ಗೊತ್ತಾದರೆ ಕೊಟ್ಟ ಸೀಟು ಹಿಂದಕ್ಕೆ ಹೋಗುತ್ತದೆ, ಸೇರಿ ವರ್ಷ ಕಳೆದಿದ್ದರೂ ಹೊರಗೆ ಹಾಕುತ್ತಾರೆ. ಅರ್ಲಿ ಡಿಸಿಷನ್ (ಸೀಟು ಸಿಕ್ಕರೆ ಅಲ್ಲೇ ಸೇರುತ್ತೇನೆ ಎಂಬ) ಒಪ್ಪಂದಕ್ಕೆ ಶಾಲೆಯ ಪರವಾಗಿ ಸಹಿ ಹಾಕುವ ಅಧಿಕಾರವೂ ಹೊರಗಿನ ಕನ್ಸಲ್ಟೆಂಟ್‌ಗೆ ಇಲ್ಲ.

ಸೀಟು ಗ್ಯಾರಂಟಿ ಎನ್ನುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2019ರ ಮಾರ್ಚ್‌ನಲ್ಲಿ ಬಯಲಾದ 'ವಾರ್ಸಿಟಿ ಬ್ಲೂಸ್' ಹಗರಣದ ರಿಕ್ ಸಿಂಗರ್ ಕೂಡ ತನ್ನನ್ನು ಕಾಲೇಜ್ ಕೌನ್ಸೆಲರ್ ಎಂದೇ ಕರೆದುಕೊಳ್ಳುತ್ತಿದ್ದ. ಅಂಕ ತಿದ್ದಿಸುವುದು, ಕ್ರೀಡಾಪಟು ಎಂದು ಸುಳ್ಳು ದಾಖಲೆ ಮಾಡಿ ಕೋಚ್‌ಗಳಿಗೆ ಲಂಚ ಕೊಡುವುದು ಅವನ ಖಚಿತ ದಾರಿಯಾಗಿತ್ತು. 2023ರ ಜನವರಿಯಲ್ಲಿ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು; ದುಡ್ಡು ಕೊಟ್ಟ ಪೋಷಕರಲ್ಲೂ ಹಲವರು ಜೈಲು ಕಂಡರು.

ಒಪ್ಪಂದಕ್ಕೆ ಮುಂಚೆ ಒಂದು ಲೆಕ್ಕ

ಹಿನ್ನೆಲೆ ಎಷ್ಟೇ ಚೆನ್ನಾಗಿದ್ದರೂ ಆ ಮನುಷ್ಯನಿಗೆ ನಿಮ್ಮ ಮಗುವಿಗೆ ಕೊಡಲು ಸಮಯ ಇರಬೇಕು. ಹತ್ತು ಕಾಲೇಜಿಗೆ ಅರ್ಜಿ ಹಾಕುವ ಮಗು, 650 ಪದದ ಮುಖ್ಯ ಪ್ರಬಂಧದ ಜೊತೆ ಕಾಲೇಜುವಾರು ಸಣ್ಣ ಪ್ರಬಂಧಗಳನ್ನು ಸೇರಿಸಿ ಇಪ್ಪತ್ತರ ಹತ್ತಿರ ಬರೆಯುತ್ತದೆ ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ ಮೂರು ಕರಡು ಎಂದರೆ 60 ಸಲ ಓದಬೇಕು. ಒಬ್ಬರ ಕೈಯಲ್ಲಿ 30 ಮಕ್ಕಳಿದ್ದರೆ 1800 ಓದು, ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ 20 ವಾರದಲ್ಲಿ ವಾರಕ್ಕೆ 90. ಒಬ್ಬ ಮನುಷ್ಯ ನಿಗಾ ಇಟ್ಟು ಮಾಡುವ ಕೆಲಸವಲ್ಲ ಇದು. ಆದ್ದರಿಂದ ಈ ವರ್ಷ ಎಷ್ಟು ಹನ್ನೆರಡನೇ ತರಗತಿ ಮಕ್ಕಳು, ಪ್ರಬಂಧ ಓದುವವರು ನೀವೋ ನಿಮ್ಮ ಜೂನಿಯರ್ರೋ ಎಂದು ಕೇಳಿ. ಜೂನಿಯರ್ ಆದರೆ ಅವರ ಹಿನ್ನೆಲೆಯನ್ನೂ ಹೀಗೇ ನೋಡಬೇಕು. ಮೊದಲ ಮೀಟಿಂಗಿನಲ್ಲಿ ಸಂಸ್ಥಾಪಕರು, ಎರಡನೆಯದರಿಂದ ನಿನ್ನೆ ಮೊನ್ನೆ ಪದವಿ ಮುಗಿಸಿದ ಹುಡುಗ: ಈ ಕಸುಬಿನಲ್ಲಿ ಬರುವ ದೂರುಗಳಲ್ಲಿ ಇದು ತೀರ ಮಾಮೂಲು.

ಕೆಲಸ ಮಾಡುವವರ ಹೆಸರು, ಗಂಟೆಗಳ ಸಂಖ್ಯೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎಂಬುದು ಬರಹದಲ್ಲಿರಲಿ. ಫೀಸನ್ನು ಒಂದೇ ಗಂಟಿನಲ್ಲಿ ಕಟ್ಟದೆ ಕಂತು ಮಾಡಿ, ಕೊನೆಯ ಕಂತು ಅರ್ಜಿಗಳೆಲ್ಲ ಸಲ್ಲಿಕೆಯಾದ ಮೇಲೆ. ಸಹಿಗೆ ಮುಂಚೆ ಅರ್ಧ ಗಂಟೆ ಮಗುವೊಂದನ್ನೇ ಅವರ ಜೊತೆ ಮಾತಾಡಲು ಬಿಡಿ. ಹೊರಗೆ ಬಂದ ಮೇಲೆ ಯಾರು ಹೆಚ್ಚು ಮಾತಾಡಿದರು ಎಂದಷ್ಟೇ ಕೇಳಿ. ಅಂದಹಾಗೆ, ಅಮೆರಿಕ ಸರ್ಕಾರದ ಎಜುಕೇಷನ್‌ಯುಎಸ್‌ಎ ಸಲಹಾ ಕೇಂದ್ರಗಳು ಭಾರತದಲ್ಲೂ ಇವೆ. ಮೂಲಭೂತ ಮಾಹಿತಿಯನ್ನು ಅಲ್ಲಿಂದ ಪಡೆದು ಹೋದರೆ ಕನ್ಸಲ್ಟೆಂಟ್‌ನ ಮಾತು ಅಳೆಯಲು ಕೈಯಲ್ಲಿ ಒಂದು ಕೋಲು ಇರುತ್ತದೆ.

ಕೆಲಸ ಶುರುವಾದ ದಿನ ಕಾಮನ್ ಆ್ಯಪ್ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. 'ಇನ್ವೈಟ್ ಅಡ್ವೈಸರ್' ಎಂಬ ಸೌಲಭ್ಯ ಅದರಲ್ಲೇ ಇದೆ; ಅದರಿಂದ ಕನ್ಸಲ್ಟೆಂಟ್ ಅರ್ಜಿಯನ್ನು ನೋಡಬಹುದು, ತಿದ್ದಲಾಗದು. ಸಲ್ಲಿಸುವ ಮುಂಚೆ ಇದೆಲ್ಲ ನನ್ನದೇ ಬರಹ, ನಿಜ ಎಂದು ಒಪ್ಪಿ ಸಹಿ ಹಾಕುವುದು ಮಗು. ಅರ್ಜಿಗೆ ಬಳಸುವ ಇಮೇಲ್ ಮಗುವಿನದೇ ಇರಲಿ, ಅದರ ರಿಕವರಿ ಫೋನ್ ನಂಬರ್ ಮನೆಯದ್ದು.